ಬ್ರೇಕ್ ಸಾಹೇಬರ ಸೈಕಲು

ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಸಾಹೇಬರು ಒಂದು ಮಧ್ಯಾಹ್ನ ಗಂಜಿ ಉಂಡು ಮಂಚದಲ್ಲಿ ಮಲಗಿದವರು ನಿದ್ದೆಯಲ್ಲೇ ತೀರಿಕೊಂಡರು. ಇದರಿಂದ ನಮ್ಮ ಮೆಲ್ಕಾರಿನಲ್ಲಿ ಅನೇಕರಿಗೆ ಬೇಸರವಾಯಿತು. ತೀರಿಕೊಂಡರು ಎಂಬುದಕ್ಕಿಂತ ಹೆಚ್ಚಾಗಿ, ಹಾಗೆ ಮಂಚದಲ್ಲಿ ತೀರಿಕೊಂಡರು ಎಂಬುದಕ್ಕೆ. "ಈ ಮನುಷ್ಯ ಒಂದು ದಿನ ಟಿಪ್ಪರಿನ ಅಡಿಗೆ ಬೀಳ್ತಾರೆ, ನೋಡ್ತಾ ಇರಿ" ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರಿಗೆ ಹೀಗೆ ನೆಮ್ಮದಿಯಾಗಿ ಹೋಗಿಬಿಟ್ಟದ್ದು ಮಾತು ತಪ್ಪಿದಂತೆ ಕಂಡಿರಬೇಕು. ಆದರೂ ಅವರು ಸೋಲೊಪ್ಪಲಿಲ್ಲ. ಹೆಣ ನೋಡಲು ಬಂದ ಮೆಡಿಕಲ್ ಶಾಪಿನ ಯಜಮಾನರು ಅಂಗಳದಲ್ಲಿ ಕುರ್ಚಿ ಎಳೆದುಕೊಂಡು, "ಆ ಸೈಕಲ್ ತುಳಿದು ತುಳಿದೇ ಹೃದಯ ಸವೆದದ್ದು, ಬೇರೆ ಎಂತ ಇಲ್ಲ" ಎಂದು ತೀರ್ಪು ಕೊಟ್ಟರು. ಎಪ್ಪತ್ತು ದಾಟಿ ಬಹಳ ದಿನವಾಗಿದ್ದ ಹೃದಯ ಅದು. ಮೆಡಿಕಲ್ ಶಾಪಿನವರು ಗೇಟಿನಿಂದ ಕುರ್ಚಿಯವರೆಗೆ ಬರುವಷ್ಟರಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡಿದ್ದರು.

ಸಾಹೇಬರು ಸರ್ಕಾರಿ ಕೆಲಸದಲ್ಲಿದ್ದಾಗ ಮೋಟಾರು ವಾಹನ ನಿರೀಕ್ಷಕರು. ಗಾಡಿ ಓಡಿಸುವ ಲೈಸೆನ್ಸ್ ಬೇಕಾದವರ ಪರೀಕ್ಷೆ ಮಾಡುವವರು. ನಮ್ಮ ಕಡೆ ಇಂಥವರಿಗೆ ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಹೆಸರು. ಇವರು ಬ್ರೇಕ್ ಸಾಹೇಬರಾದರು. ಬಂಟ್ವಾಳದಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ ಒಂದು ವಯಸ್ಸಿನ ಯಾರನ್ನೇ ಕೇಳಿ, ಅವರು ಸಾಹೇಬರ ಕೈಯಲ್ಲಿ ಒಮ್ಮೆ ಫೇಲಾಗಿರುತ್ತಾರೆ. ಹಲಸಿನ ಹಣ್ಣು ತಂದವರೂ ಫೇಲು, ಶಾಸಕರ ಚೀಟಿ ತಂದವರೂ ಫೇಲು. ಅವರ ಮೇಲೆ ಲಂಚದ ಆರೋಪ ಹೊರಿಸಲು ಒಂದೇ ಒಂದು ಅವಕಾಶ ಸಿಗದೆ ಹೋದದ್ದು ಊರಿಗೆ ಆದ ದೊಡ್ಡ ನಷ್ಟ. ಮನೆಯಲ್ಲಿ ಅವರದ್ದು ಅಪ್ಪಟ ತುಳು. ಬೈಯುವಾಗ ಮಾತ್ರ ಆಫೀಸಿನ ಕನ್ನಡಕ್ಕೆ ಬರುತ್ತಿದ್ದರು. ಅವರು ಕನ್ನಡ ಶುರುಮಾಡಿದರೆಂದರೆ ಎದುರಿಗಿದ್ದವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಸ್ಕೂಟರ್ ಲೈಸೆನ್ಸಿಗೆಂದು ಅವರ ಎದುರು ಮೈದಾನದಲ್ಲಿ ಎಂಟು ಹಾಕಿದೆ. ಕಾಲು ನೆಲಕ್ಕೆ ತಾಗಿಸದೆ, ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವಷ್ಟು ದುಂಡಗೆ. ಸಾಹೇಬರು ಫೇಲ್ ಮಾಡಿದರು.

"ಎಂಟು ಚೆನ್ನಾಗಿತ್ತು ಟೀಚರ್. ಆದರೆ ಇಳಿಯುವಾಗ ನೀವು ಹಿಂದೆ ನೋಡಲಿಲ್ಲ. ಹಿಂದಿನಿಂದ ಲಾರಿ ಬಂದರೆ?"

"ಮೈದಾನಕ್ಕೆ ಲಾರಿ ಎಲ್ಲಿಂದ ಬರ್ತದೆ ಸರ್?"

"ಲಾರಿ ಹೇಳಿ ಬರುವುದಿಲ್ಲ. ಮುಂದಿನ ತಿಂಗಳು ಬನ್ನಿ."

ಇಂಥ ಮನುಷ್ಯ ನಿವೃತ್ತರಾಗಿ ನಮ್ಮ ಪಕ್ಕದ ಸೈಟಿನಲ್ಲೇ ಮನೆ ಕಟ್ಟಿಸಿಕೊಂಡು ಬಂದರು. ಇನ್ನು ಇವರು ಯಾವ ಕಾರು ತೆಗೆದುಕೊಳ್ಳುತ್ತಾರೆ ಎಂದು ನಮ್ಮ ಓಣಿಯಲ್ಲಿ ಬಹಳ ಚರ್ಚೆ ನಡೆಯಿತು. ಜೀವಮಾನವಿಡೀ ಬೇರೆಯವರ ತಪ್ಪು ಎಣಿಸಿದವರು ಸ್ವತಃ ಓಡಿಸುವುದನ್ನು ಕಣ್ಣಾರೆ ನೋಡುವ ಆಸೆ ಎಲ್ಲರಿಗೂ ಇತ್ತು. ಸಾಹೇಬರು ಒಂದು ಸೈಕಲು ತಂದರು. ಕಪ್ಪಗೆ, ಎತ್ತರಕ್ಕೆ, ಎಮ್ಮೆಯಷ್ಟು ಗಟ್ಟಿಮುಟ್ಟಾದ ಸೈಕಲು. ಚೈನಿಗೆ ಪೂರ್ತಿ ಕವರು, ಹಿಂದೆ ಕ್ಯಾರಿಯರು, ಎರಡು ಕಾಲಿನ ಸ್ಟ್ಯಾಂಡು. ಅದು ಸಾಲದೆಂದು ಎರಡು ಕನ್ನಡಿ ಜೋಡಿಸಿದರು, ಹಿಂದೆ ಮುಂದೆ ದೀಪ ಹಾಕಿಸಿದರು, ಮಡ್‌ಗಾರ್ಡಿಗೆ ಕೆಂಪು ಪಟ್ಟಿ ಅಂಟಿಸಿದರು. ದೂರದಿಂದ ನೋಡಿದರೆ ಸಣ್ಣ ಲಾರಿಯೇ ಬಂದಂತೆ ಕಾಣುತ್ತಿತ್ತು.

ತಿರುಗುವಾಗ ಸಾಹೇಬರು ಪುಸ್ತಕದಲ್ಲಿ ಇದ್ದ ಹಾಗೆ ಕೈ ಚಾಚಿ ಸಂಕೇತ ಕೊಡುತ್ತಿದ್ದರು. ಆ ಸಂಕೇತ ಗೊತ್ತಿದ್ದವರು ಆ ಹೆದ್ದಾರಿಯಲ್ಲಿ ಅವರೊಬ್ಬರೇ. ಚಾಚಿದ ಕೈ ನೋಡಿ ರಿಕ್ಷಾದವರು ಪಕ್ಕಕ್ಕೆ ತಂದು ನಿಲ್ಲಿಸಿ, "ಎಲ್ಲಿಗೆ ಸರ್?" ಎಂದು ಕೇಳುತ್ತಿದ್ದರು. ಒಮ್ಮೆ ಮೆಲ್ಕಾರ್ ಜಂಕ್ಷನ್ನಿನಲ್ಲಿ ಸೂಚನೆ ಕೊಡದೆ ತಿರುಗಿದ ಟಿಪ್ಪರೊಂದಕ್ಕೆ ಸಾಹೇಬರು ಸೈಕಲು ಅಡ್ಡ ಇಟ್ಟು ನಿಂತರು. ಹಿಂದೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದರೂ ಅಲ್ಲಾಡಲಿಲ್ಲ.

"ಇಂಡಿಕೇಟರ್ ಯಾಕೆ ಹಾಕಲಿಲ್ಲ?"

ಡ್ರೈವರ್ ಮೇಲಿನಿಂದ ಬಗ್ಗಿ ನೋಡಿದ. ಹಳೆಯ ಗಿರಾಕಿ. "ಸರ್, ನೀವು ರಿಟೈರ್ ಆಗಿ ಆಯ್ತಲ್ಲಾ?"

"ರಿಟೈರ್ ಆದದ್ದು ನಾನು. ನಿನ್ನ ಇಂಡಿಕೇಟರ್ ಅಲ್ಲ."

ಡ್ರೈವರ್ ಇಂಡಿಕೇಟರ್ ಹಾಕಿದ. ಆಮೇಲೇ ಸಾಹೇಬರು ದಾರಿ ಬಿಟ್ಟದ್ದು.

ನನ್ನ ಮೊಣಕಾಲು ನೋಡಿದ ಮೂಳೆಯ ಡಾಕ್ಟರು ಸೈಕಲು ತುಳಿಯಲು ಹೇಳಿದಾಗ, ಮಗಳು ಬಿಟ್ಟುಹೋದ ಗುಲಾಬಿ ಬಣ್ಣದ, ಎದುರಿಗೆ ಬುಟ್ಟಿ ಇದ್ದ ಸೈಕಲನ್ನು ಅಟ್ಟದಿಂದ ಇಳಿಸಿದೆ. ಹಾಗೆ ನಾನೂ ಬೆಳಗಿನ ತಂಡಕ್ಕೆ ಸೇರಿದೆ. ಆ ತಂಡದಲ್ಲಿ ಗಲ್ಫಿನ ದಮ್ಮಾಮಿನಲ್ಲಿ ಬಹಳ ಕಾಲ ಲಾಂಡ್ರಿ ನಡೆಸಿ ಊರಿಗೆ ಮರಳಿದ್ದ ಹಮೀದ್ ಇದ್ದರು. ಅವರದ್ದು ಕೊಡೆಯಂತೆ ಮಡಚುವ ಸೈಕಲು. ಬಿಚ್ಚುವುದಕ್ಕೂ ಮಡಚುವುದಕ್ಕೂ ಹಿಡಿಯುವಷ್ಟು ಹೊತ್ತು ಅವರಿಗೆ ತುಳಿಯುವುದಕ್ಕೆ ಸಿಗುತ್ತಿರಲಿಲ್ಲ. ಇನ್ನೊಬ್ಬರು ಹಲ್ಲಿನ ಡಾಕ್ಟರು. ಅವರದ್ದು ದಾರದಷ್ಟು ತೆಳ್ಳಗಿನ ಚಕ್ರದ, ಎರಡು ಬೆರಳಿನಲ್ಲಿ ಎತ್ತಬಹುದಾದ ವಿದೇಶಿ ಸೈಕಲು. ಅದಕ್ಕೆ ತಕ್ಕಂತೆ ಮೈಗಂಟಿದ ಅಂಗಿ, ಚಡ್ಡಿ. ಡಾಕ್ಟರು ಹೋದಾಗ ಪಾಣೆಮಂಗಳೂರಿನ ಮೀನಿನ ಹೆಂಗಸರು ಮುಖ ತಿರುಗಿಸಿಕೊಳ್ಳುತ್ತಿದ್ದರು. ಊರಿನವರು ನಮ್ಮನ್ನೆಲ್ಲ ಒಟ್ಟಾಗಿ 'ಫಿಟ್‌ನೆಸ್ ಮುಗಿದ ಗಾಡಿಗಳು' ಎಂದು ಕರೆಯುತ್ತಿದ್ದರು.

ಹೊರಡುವ ಮೊದಲು ಸಾಹೇಬರಿಂದ ಎಲ್ಲರ ಸೈಕಲಿನ ತಪಾಸಣೆ. ಡಾಕ್ಟರು ಮೊದಲ ದಿನವೇ ಸಿಕ್ಕಿಬಿದ್ದರು.

"ಸ್ಟ್ಯಾಂಡ್ ಎಲ್ಲಿ?"

"ಇದಕ್ಕೆ ಸ್ಟ್ಯಾಂಡ್ ಇಲ್ಲ ಸರ್. ಭಾರ ಕಡಿಮೆ ಆಗಲಿಕ್ಕೆ."

"ಬೆಲ್ಲು?"

"ಅದೂ ಭಾರ..."

ಸಾಹೇಬರು ಡಾಕ್ಟರ ಹೊಟ್ಟೆಯನ್ನು ನಿಧಾನವಾಗಿ ನೋಡಿದರು. "ಭಾರ ಬೇರೆ ಕಡೆಯಿಂದಲೂ ಕಡಿಮೆ ಮಾಡಬಹುದಿತ್ತು." ಮರುದಿನ ಆ ವಿದೇಶಿ ಸೈಕಲಿಗೆ ಮಕ್ಕಳ ಸೈಕಲಿನ ಹಳದಿ ಬೆಲ್ಲು ಬಂತು.

ಗೇರು ಇರುವ ಸೈಕಲೆಂದರೆ ಸಾಹೇಬರಿಗೆ ಆಗುತ್ತಿರಲಿಲ್ಲ. ಬ್ಯಾಟರಿ ಸೈಕಲನ್ನಂತೂ ಅವರು ಸೈಕಲೆಂದೇ ಒಪ್ಪಲಿಲ್ಲ. "ತುಳಿಯಲಿಕ್ಕೆ ಆಗದವ ಬಸ್ಸಿನಲ್ಲಿ ಹೋಗಲಿ. ಬಸ್ಸು ಎಂತಕ್ಕೆ ಇರುವುದು?" ಎನ್ನುತ್ತಿದ್ದರು. ಏರು ಬಂದಾಗ ನಾವೆಲ್ಲ ಇಳಿದು ದೂಡುತ್ತಿದ್ದರೆ ಅವರು ಎದ್ದು ನಿಂತು, ಇಡೀ ಮೈ ಎಡಕ್ಕೂ ಬಲಕ್ಕೂ ಹಾಕಿ ತುಳಿಯುತ್ತಿದ್ದರು. ಮುಖ ಕೆಂಪಾಗಿ, ಕಿರಿಚುವ ಚೈನಿನೊಂದಿಗೆ ತಾವೂ ಕಿರಿಚುತ್ತ ಮೇಲೆ ಮುಟ್ಟಿ, ಏನೂ ಆಗದವರಂತೆ ಕನ್ನಡಿ ಒರೆಸುತ್ತ ನಮಗಾಗಿ ಕಾಯುತ್ತಿದ್ದರು.

ಆದರೆ ಒಂದು ಬೆಳಿಗ್ಗೆ ವಾಮದಪದವಿನ ಹತ್ತಿರದ ಇಳಿಜಾರಿನಲ್ಲಿ ನಾನು ಅವರ ಹಿಂದೆ ಇದ್ದೆ. ಉಳಿದವರು ಚಹಾ ಕುಡಿಯುತ್ತ ಉಳಿದಿದ್ದರು. ಹಿಂದೆ ಯಾರೂ ಇಲ್ಲವೆಂದು ಸಾಹೇಬರು ತಿಳಿದಿರಬೇಕು. ಇಳಿಜಾರಿನ ನಡುವಿನಲ್ಲಿ ಎರಡೂ ಕಾಲುಗಳನ್ನು ಪೆಡಲಿನಿಂದ ತೆಗೆದು ಅತ್ತ ಇತ್ತ ಚಾಚಿದರು. ಪಂಚೆ ಹಾರುತ್ತಿತ್ತು. ಬಾಯಿಯಿಂದ "ಊ..." ಎಂದು ಉದ್ದವಾದ ಒಂದು ಸ್ವರ ಬಂತು. ಇಳಿಜಾರು ಮುಗಿದಾಗ ಕಾಲು ಮಡಚಿ, ಗಂಟಲು ಸರಿಮಾಡಿಕೊಂಡು, ಮತ್ತೆ ಬ್ರೇಕ್ ಇನ್‌ಸ್ಪೆಕ್ಟರ್ ಆದರು. ನಾನು ಆ ಬಗ್ಗೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಯಾರೂ ನಂಬುತ್ತಿರಲಿಲ್ಲ.

ಕಕ್ಕಿಂಜೆಗೆ ಹೋಗುವ ಎಂದು ಹೊರಟದ್ದು ಸಾಹೇಬರೇ. ಚಾರ್ಮಾಡಿಯ ಬೆಟ್ಟ ಎದುರಿಗೆ ಕಾಣುವಲ್ಲಿ ಸೈಕಲು ಬಿಡುವುದೇ ಒಂದು ಸುಖ ಎಂದರು. ಅಲ್ಲಿಯವರೆಗೆ ತುಳಿಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಸೈಕಲುಗಳನ್ನು ಪಿಕಪ್ಪಿಗೆ ಹೇರಿ, ನಾವೂ ಅದರ ಹಿಂದೆ ಹಮೀದರ ಕಾರಿನಲ್ಲಿ ಕುಳಿತು, ಎರಡು ಗಾಡಿಗಳ ಪೆಟ್ರೋಲು ಡೀಸೆಲು ಸುಟ್ಟು ಉಜಿರೆ ದಾಟಿ, ಅಲ್ಲಿಂದ ಆರೋಗ್ಯಕ್ಕಾಗಿ ಸೈಕಲು ತುಳಿದೆವು.

ಕಕ್ಕಿಂಜೆಯ ಹತ್ತಿರ ರಸ್ತೆಯ ಎಡಬದಿಯಲ್ಲಿ ಒಂದು ಗೂಡ್ಸ್ ರಿಕ್ಷಾ ನಿಂತಿತ್ತು. ಡಾಂಬರು ಬಿಟ್ಟು, ಮಣ್ಣಿನಲ್ಲಿ, ಸರಿಯಾಗಿಯೇ ನಿಂತಿತ್ತು. ಒಬ್ಬಾತ ಅದರಿಂದ ಬಾಳೆಗೊನೆ ಇಳಿಸುತ್ತಿದ್ದ. ಹಾಡಹಗಲು. ಸಾಹೇಬರು ಎಲ್ಲರಿಗಿಂತ ಮುಂದಿದ್ದರು. ಅವರು ನೇರವಾಗಿ ಹೋಗಿ ಅದರ ಹಿಂಭಾಗಕ್ಕೆ ಹೊಡೆದು ಬಿದ್ದರು.

ನಾವು ಓಡಿ ಎಬ್ಬಿಸಿದೆವು. ಮೊಣಕೈ ತರಚಿತ್ತು, ಒಂದು ಕನ್ನಡಿ ಚೂರಾಗಿತ್ತು. ಸಾಹೇಬರು ಎದ್ದವರೇ ಕನ್ನಡದಲ್ಲಿ ಶುರುಮಾಡಿದರು. "ಹೀಗೆ ರಸ್ತೆಯಲ್ಲಿ ನಿಲ್ಲಿಸುವುದಾ? ಪಾರ್ಕಿಂಗ್ ಲೈಟ್ ಎಲ್ಲಿ? ಲೈಸೆನ್ಸ್ ಯಾರು ಕೊಟ್ಟದ್ದು ನಿನಗೆ?"

ಆತ ಗೊನೆಯನ್ನು ಹೆಗಲಿನಿಂದ ಇಳಿಸಿ ನಿಂತ. ಜಗಳಕ್ಕೆ ಬರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ: "ನಿಮಗೆ ಕಾಣಲಿಲ್ಲವಾ ಸರ್?"

ಸಾಹೇಬರ ಕನ್ನಡ ಅಲ್ಲಿಗೆ ನಿಂತುಹೋಯಿತು.

ಹೋಟೆಲಿನಲ್ಲಿ ಕುಳಿತು ಗಾಯ ತೊಳೆದೆವು. ಹುಡುಗ ಎಲ್ಲರ ಎದುರು ಬನ್ಸು, ಚಹಾ ಇಟ್ಟು ಹೋದ. ನಾವು ತಿಂದು ಮುಗಿಸುತ್ತಾ ಬಂದಾಗ ಸಾಹೇಬರು ಕೇಳಿದರು, "ನನಗೆ ಬನ್ಸು ಬರಲೇ ಇಲ್ಲ?"

ಬನ್ಸಿನ ತಟ್ಟೆ ಅವರ ಎಡಗೈಯ ಪಕ್ಕದಲ್ಲೇ ಇತ್ತು. ಡಾಕ್ಟರು ನನ್ನ ಮುಖ ನೋಡಿದರು, ನಾನು ಹಮೀದರ ಮುಖ ನೋಡಿದೆ. ಹಮೀದ್ ತಟ್ಟೆಯನ್ನು ಮೆಲ್ಲನೆ ಅವರ ಎದುರಿಗೆ ಸರಿಸಿ, "ಈಗ ತಂದಿಟ್ಟ ನೋಡಿ ಸರ್" ಎಂದರು.

ಆಮೇಲಿನ ವಿಷಯ ನನಗೆ ಸಾಹೇಬರ ಹೆಂಡತಿಯಿಂದ ತಿಳಿಯಿತು. ಅವರನ್ನು ನಾನು ಅಕ್ಕ ಎಂದು ಕರೆಯುವುದು. ಮೂಡುಬಿದಿರೆಯ ಕಡೆಯವರು. ಸಾಹೇಬರ ಮನೆಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅಲ್ಲಿ ಮಾತಾಡುವ ಕೆಲಸ ಪೂರ್ತಿ ಸಾಹೇಬರದ್ದಾಗಿತ್ತು. "ಕಣ್ಣಿನ ಒಳಗಿನ ಒತ್ತಡವಂತೆ ಟೀಚರ್. ಎಡದ್ದು ಹೋಗಿಯೇ ಆಯ್ತಂತೆ. ಬಲದ್ದು ದಿನಾ ಮದ್ದಿನ ಹನಿ ಹಾಕಿ ಇದ್ದಷ್ಟು ಉಳಿಸಿಕೊಳ್ಳಬೇಕಂತೆ. ಸೈಕಲು ಜಾಗ್ರತೆಯಲ್ಲಿ ಬಿಡಿ ಅಂತ ಮಂಗಳೂರಿನ ಡಾಕ್ಟರು ಹೇಳಿದ್ರು. ಇವರಿಗೆ ಆ ಡಾಕ್ಟರ ಮೇಲೆಯೇ ಸಿಟ್ಟು. ಕಾಣದವನಿಗೆ ಸೈಕಲು ತುಳಿಯಬಹುದು ಅಂತ ಹೇಳುವುದು ಎಂಥ ಡಾಕ್ಟರು ಅಂತ."

ಒಂದು ಭಾನುವಾರ ಬೆಳಿಗ್ಗೆ ಸಾಹೇಬರು ನನ್ನನ್ನೂ ಹಮೀದರನ್ನೂ ಶಾಲೆಯ ಮೈದಾನಕ್ಕೆ ಕರೆದರು. ಇಸ್ತ್ರಿ ಹಾಕಿದ ಅಂಗಿ, ಪ್ಯಾಂಟು, ಬೂಟು. ಅವರು ಪ್ಯಾಂಟು ಹಾಕಿ ಸೈಕಲು ಬಿಟ್ಟದ್ದು ನಾನು ಅಂದೇ ನೋಡಿದ್ದು.

"ಟೀಚರ್, ಇವತ್ತು ನೀವು ಇನ್‌ಸ್ಪೆಕ್ಟರ್. ನಾನು ಮೈದಾನಕ್ಕೆ ಸುತ್ತು ಬರುತ್ತೇನೆ. ಹಮೀದ್ ಎಲ್ಲಿಯಾದರೂ ನಿಲ್ಲಲಿ. ಅವನು ಕೈ ಎತ್ತಿದಾಗ ನಾನು ನಿಲ್ಲಿಸಬೇಕು. ಅಷ್ಟೇ ಪರೀಕ್ಷೆ."

ಹಮೀದ್ ಬಲಬದಿಯಲ್ಲೇ ನಿಲ್ಲಲು ನೋಡಿದರು. ಸಾಹೇಬರು ಅವರನ್ನು ಎಡಕ್ಕೆ ಕಳಿಸಿದರು. ಸುತ್ತು ಶುರುವಾಯಿತು. ಸೈಕಲು ನೂಲು ಹಿಡಿದಂತೆ ಹೋಗುತ್ತಿತ್ತು. ಅದರಲ್ಲಿ ಒಂದು ಕುಂದೂ ಇರಲಿಲ್ಲ. ಹಮೀದ್ ಕೈ ಎತ್ತಿದರು. ಸಾಹೇಬರು ಅವರ ಪಕ್ಕದಿಂದಲೇ, ಬೆನ್ನು ನೆಟ್ಟಗೆ ಮಾಡಿ, ಹಾದುಹೋದರು. ಮುಂದಿನ ಸುತ್ತಿನಲ್ಲಿ ಹಮೀದ್ ಎರಡೂ ಕೈ ಎತ್ತಿ, ಒಂದು ಹೆಜ್ಜೆ ಮುಂದೆ ಬಂದು ನಿಂತರು. ಸಾಹೇಬರು ಆಗಲೂ ಹಾದುಹೋದರು.

ಸೈಕಲು ನಿಲ್ಲಿಸಿ, ಹಿಂದೆ ನೋಡಿ, ಇಳಿದು ನನ್ನ ಎದುರು ಬಂದು ನಿಂತರು. ಕೈ ಎರಡೂ ಪ್ಯಾಂಟಿಗೆ ಅಂಟಿದ್ದವು. ಎಷ್ಟೋ ಜನ ಅವರ ಎದುರು ಹಾಗೆ ನಿಂತದ್ದನ್ನು ನಾನು ನೋಡಿದ್ದೇನೆ.

"ಪಾಸು" ಎಂದೆ.

"ಹಮೀದ್, ನೀನು ಕೈ ಎತ್ತಿದೆಯಾ?"

"ಇಲ್ಲ ಸರ್. ನನಗೆ ಮರೆತೇ ಹೋಯ್ತು. ಏನೋ ಯೋಚನೆಯಲ್ಲಿ ಇದ್ದೆ."

ಸಾಹೇಬರು ನನ್ನ ಕಡೆಗೆ, ಕಾಣುವ ಕಣ್ಣನ್ನು ತಿರುಗಿಸಿದರು. "ನೀವು ಲೆಕ್ಕದ ಟೀಚರು. ಎಷ್ಟು ಸಲ ಎತ್ತಿದ ಹೇಳಿ."

ಮಕ್ಕಳಿಗೆ ಕೃಪಾಂಕ ಹಾಕಿ ಎಷ್ಟೋ ಮಂದಿಯನ್ನು ದಾಟಿಸಿದವಳು ನಾನು. ಅಂದು ಆಗಲಿಲ್ಲ. "ಎರಡು ಸಲ" ಎಂದೆ.

"ಹಾಗಾದರೆ ಫೇಲ್."

ಹಮೀದರಿಗೆ ಅಳುವೇ ಬಂದಿತ್ತು. "ಮುಂದಿನ ತಿಂಗಳು ಇನ್ನೊಮ್ಮೆ ನೋಡುವ ಸರ್. ನಮಗೆಲ್ಲ ನೀವು ಹಾಗೇ ಅಲ್ವಾ ಹೇಳಿದ್ದು?"

"ಅದು ಕಲಿತರೆ ಸರಿಯಾಗುವವರಿಗೆ ಮಾರಾಯ" ಎಂದರು ಸಾಹೇಬರು. ಅದನ್ನು ತುಳುವಿನಲ್ಲಿ ಹೇಳಿದರು. ಸೈಕಲನ್ನು ಮನೆಯವರೆಗೆ ದೂಡಿಕೊಂಡೇ ಹೋದರು.

ಅವರು ಸೈಕಲು ತುಳಿಯುವುದನ್ನು ನಿಲ್ಲಿಸಿದ ಸುದ್ದಿ ಕೇಳಿ ಊರಿಗೆ ಸಮಾಧಾನವಾಯಿತು. ಟಿಪ್ಪರುಗಳು ಇಂಡಿಕೇಟರಿನ ಹಂಗಿಲ್ಲದೆ ತಿರುಗಿದವು. ಸಾಹೇಬರು ಜಗಲಿಯಲ್ಲಿ ಕುಳಿತು, ಹೋಗುವ ಗಾಡಿಗಳ ಸದ್ದು ಕೇಳಿ, "ಇದರ ಕ್ಲಚ್ ಹೋಗಿದೆ", "ಇದರ ಸೈಲೆನ್ಸರ್ ಒಡೆದಿದೆ" ಎಂದು ಹೆಂಡತಿಗೆ ಹೇಳುತ್ತಿದ್ದರು. ಕ್ರಮೇಣ ಅದನ್ನೂ ಬಿಟ್ಟರು. ಊಟ ಕಡಿಮೆಯಾಯಿತು. ನಾವು ಬೆಳಿಗ್ಗೆ ಗೇಟಿನ ಎದುರು ಬೆಲ್ ಹೊಡೆದರೆ ಒಳಗೆ ಎದ್ದು ಹೋಗುತ್ತಿದ್ದರು.

ಆಗ ಹಮೀದರು ಎಲ್ಲಿಂದಲೋ ಇಬ್ಬರು ತುಳಿಯುವ ಉದ್ದದ ಸೈಕಲೊಂದನ್ನು ಪತ್ತೆ ಮಾಡಿದರು. ಕಡಲ ಬದಿಯ ಒಂದು ರೆಸಾರ್ಟಿನಲ್ಲಿ ಪ್ರವಾಸಿಗಳಿಗೆಂದು ಇಟ್ಟು ಬೇಡವಾದದ್ದು. ತಿಳಿನೀಲಿ ಬಣ್ಣ, ಎರಡು ಸೀಟು, ಎರಡು ಜೊತೆ ಪೆಡಲು. ಹ್ಯಾಂಡಲ್ ತಿರುಗಿಸುವ ಅಧಿಕಾರ ಮುಂದಿನವರಿಗೆ ಮಾತ್ರ. ನಾವು ಮೂವರೂ ಸೇರಿ ಅದನ್ನು ತಂದು ಸಾಹೇಬರ ಅಂಗಳದಲ್ಲಿ ನಿಲ್ಲಿಸಿದೆವು. ಸಾಹೇಬರು ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. ಬ್ರೇಕ್ ಒತ್ತಿದರು. ಬೆಲ್ ಹೊಡೆದರು. ಕೊನೆಗೆ, "ಮುಂದೆ ಯಾರು ಕೂರುವುದು?" ಎಂದು ಕೇಳಿದರು.

ಡಾಕ್ಟರಿಗೆ ತಾಳ್ಮೆ ಇಲ್ಲವೆಂದು ಬೇಡವೆಂದರು. ಹಮೀದರು ಕೈ ಸಂಕೇತ ಕೊಡುವಾಗ ಎಡಬಲ ತಪ್ಪುತ್ತಾರೆ. ನನ್ನ ವಿಷಯದಲ್ಲಿ ಮೊಣಕಾಲಿನ ನೆಪ ಹೇಳಿದರು. ನಿಜವಾದ ಕಾರಣ ನಾನು ಅಂದು ಪರೀಕ್ಷೆಯಲ್ಲಿ ಹಿಂದೆ ನೋಡದೆ ಇಳಿದದ್ದು ಎಂದು ನನಗೆ ಗೊತ್ತಿತ್ತು. ಹೀಗೆ ಇಡೀ ಮೆಲ್ಕಾರಿನಲ್ಲಿ ಅವರ ಮುಂದಿನ ಸೀಟಿಗೆ ಯೋಗ್ಯರಾದವರು ಯಾರೂ ಇಲ್ಲವೆಂದು ತೀರ್ಮಾನವಾಗುವ ಹೊತ್ತಿಗೆ ಅಕ್ಕ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದರು.

"ನಾನು ಕೂತುಕೊಳ್ತೇನೆ."

"ನಿನಗೆಲ್ಲಿ ಸೈಕಲು ಬರ್ತದೆ?" ಎಂದರು ಸಾಹೇಬರು.

"ಮೂಡುಬಿದಿರೆಯಲ್ಲಿ ಅಣ್ಣನ ಸೈಕಲಿನಲ್ಲಿ ದಿನಾ ಡೈರಿಗೆ ಹಾಲು ಕೊಂಡುಹೋಗ್ತಾ ಇದ್ದದ್ದು ನಾನೇ. ಎರಡೂ ಕಡೆ ಕ್ಯಾನು ನೇತುಹಾಕಿ."

"ನನಗೆ ಹೇಳಲೇ ಇಲ್ಲ?"

"ನೀವು ಕೇಳಲಿಲ್ಲ."

ಸಾಹೇಬರು ಒಮ್ಮೆ ಕೆಮ್ಮಿದರು. ಆಮೇಲೆ ಪರೀಕ್ಷೆಯ ಧ್ವನಿಯಲ್ಲಿ, "ಇಳಿಯುವಾಗ ಹಿಂದೆ ನೋಡಬೇಕು" ಎಂದರು.

"ಹಿಂದೆ ಇರುವುದು ನೀವೇ ಅಲ್ವಾ? ನೋಡ್ಲಿಕ್ಕೆ ಎಂತ ಉಂಟು?"

ಮೊದಲ ದಿನ ಓಣಿಯ ತುದಿಯವರೆಗೆ ಹೋಗಿ ಎರಡು ಸಲ ಬಿದ್ದರು. ವಾರದೊಳಗೆ ಪಾಣೆಮಂಗಳೂರಿಗೆ ಹೋಗಿ ಬಂದರು. ಅಕ್ಕ ಸೀರೆ ಬಿಟ್ಟು ತಮ್ಮ ಮಗಳ ಹಳೆಯ ಚೂಡಿದಾರ ಹಾಕಿಕೊಂಡರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂಬ ತಲೆಬರಹದೊಂದಿಗೆ ಅವರ ಫೋಟೋ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಸುತ್ತಿ, ಕೊನೆಗೆ ಅಕ್ಕನ ಫೋನಿಗೂ ಬಂತು. ಅವರು ಅದನ್ನು ತಮ್ಮ ಪ್ರೊಫೈಲ್ ಚಿತ್ರ ಮಾಡಿಕೊಂಡರು.

ಹಿಂದಿನ ಸೀಟಿನಲ್ಲಿ ಸಾಹೇಬರಿಗೆ ಸಂಕೇತದ ಕೆಲಸ. ಅಕ್ಕ "ಬಲಕ್ಕೆ" ಎಂದರೆ ಬಲಗೈ ಚಾಚುವುದು. ಉಳಿದ ಹೊತ್ತೆಲ್ಲ ಅಕ್ಕ ಮಾತಾಡುತ್ತಿದ್ದರು. ಎದುರಿಗೆ ಏನು ಬರುತ್ತಿದೆ ಎಂದು ಹೇಳಬೇಕೆಂದು ಸಾಹೇಬರೇ ಆಜ್ಞೆ ಮಾಡಿದ್ದರು. ಅದರ ಪರಿಣಾಮ ಏನಾಗಬಹುದೆಂದು ಅವರು ಯೋಚಿಸಿರಲಿಲ್ಲ. ಬಸ್ಸು ಬಂತು, ದನ ಅಡ್ಡ ಬಂತು ಎಂದು ಶುರುವಾದದ್ದು ಯಾರ ಗೇಟಿಗೆ ಹೊಸ ಬಣ್ಣ, ಯಾರ ಅಂಗಳದಲ್ಲಿ ಯಾವ ಸೀರೆ ಒಣಗುತ್ತಿದೆ, ಆ ಸೀರೆಯಂಥದ್ದೇ ತನಗೆ ಯಾವಾಗ ಸಿಗದೆ ಹೋಯಿತು ಎಂಬಲ್ಲಿಗೆ ಮುಟ್ಟುತ್ತಿತ್ತು. ಸಾಹೇಬರು ಇಳಿದು ಹೋಗುವಂತಿರಲಿಲ್ಲ. ಕೇಳುತ್ತಿದ್ದರು. ಕೆಲವು ಸಲ ನಗುವುದೂ ನಮಗೆ ಹಿಂದಿನಿಂದ ಕೇಳಿಸುತ್ತಿತ್ತು.

ಸಿದ್ಧಕಟ್ಟೆಯವರೆಗೆ ಪಿಕಪ್ಪಿನಲ್ಲಿ ಹೋಗಿ, ಅಲ್ಲಿಂದ ಮೂಡುಬಿದಿರೆಗೆ, ಅಕ್ಕನ ತವರುಮನೆಗೆ ಸೈಕಲಿನಲ್ಲೇ ಹೋದೆವು. ಅಣ್ಣನ ಅಂಗಳದಲ್ಲಿ ಅಕ್ಕ ಬೆಲ್ ಹೊಡೆದು ನಿಲ್ಲಿಸಿದಾಗ ಆ ಅಣ್ಣ ಬಾಗಿಲಿನಲ್ಲಿ ನಿಂತು, "ಹಾಲು ಎಲ್ಲಿ?" ಎಂದು ಕೇಳಿದರು. ಸಾಹೇಬರು ಇಳಿದು, ಬೆವರು ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ದಾರಿ ಇವಳದ್ದು. ಏರಿನಲ್ಲಿ ತುಳಿಯುವುದು ಪೂರ್ತಿ ನಾನು. ಇಲ್ಲದಿದ್ದರೆ ಇವಳು ಇಲ್ಲಿಗೆ ಮುಟ್ಟುವುದುಂಟಾ?"

ಅಕ್ಕ ಬಾಯಾರಿಕೆಗೆ ಬೆಲ್ಲ ನೀರು ಕುಡಿಯುತ್ತ ಹೌದೆಂದು ತಲೆಯಾಡಿಸಿದರು.

ಹಾಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಆ ಮಧ್ಯಾಹ್ನದ ಗಂಜಿ.

ಕ್ರಿಯೆಗಳೆಲ್ಲ ಮುಗಿದು ಸ್ವಲ್ಪ ಸಮಯವಾದ ಮೇಲೆ, ಮೊನ್ನೆ ಬೆಳಿಗ್ಗೆ ನಮ್ಮ ಗೇಟಿನ ಎದುರು ಬೆಲ್ ಕೇಳಿಸಿತು. ಅಕ್ಕ ಒಬ್ಬರೇ ಆ ಉದ್ದದ ಸೈಕಲು ಹಿಡಿದುಕೊಂಡು ನಿಂತಿದ್ದರು. "ಬನ್ನಿ ಟೀಚರ್. ಹಿಂದೆ ಖಾಲಿ ಇದ್ದರೆ ಇದು ಸರಿ ಹೋಗುವುದಿಲ್ಲ, ಬಾಲ ಅಲ್ಲಾಡಿಸ್ತದೆ" ಎಂದರು. ನಾನು ಹತ್ತಿ ಕುಳಿತೆ. ಸಮತಟ್ಟಿನಲ್ಲಿ ಚೆನ್ನಾಗಿತ್ತು. ಏರು ಶುರುವಾದಾಗ ನನ್ನ ಮೊಣಕಾಲು ಹಿಡಿಯಿತು. ಆ ಸೈಕಲಿನಲ್ಲಿ ಎರಡೂ ಪೆಡಲುಗಳಿಗೆ ಒಂದೇ ಚೈನಿನ ಸಂಬಂಧ. ಹಿಂದಿನವರು ಸುಮ್ಮನೆ ಕಾಲು ಇಟ್ಟುಕೊಂಡರೂ ಸಾಕು, ಅದು ತನ್ನಷ್ಟಕ್ಕೆ ತಿರುಗುತ್ತದೆ. ನೋಡುವವರಿಗೆ ತುಳಿದಂತೆಯೇ ಕಾಣುತ್ತದೆ. ನಾನೂ ಹಾಗೆ ಕಾಲು ಇಟ್ಟುಕೊಂಡೆ.

"ತುಳಿಯಿರಿ ಟೀಚರ್" ಎಂದರು ಅಕ್ಕ, ತಿರುಗಿ ನೋಡದೆ.

"ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?"

"ಮುಂದೆ ಕೂತವರಿಗೆ ಗೊತ್ತಾಗ್ತದೆ. ಅವರಿಗೂ ಮೊದಲಿನಿಂದಲೇ ಆಗ್ತಿರಲಿಲ್ಲ. ಒಂದು ಏರಿನಲ್ಲಿಯೂ ಅವರು ತುಳಿದದ್ದಿಲ್ಲ."

ಏದುಸಿರಿನ ನಡುವೆ ನಾನು ಕೇಳಿದೆ, "ಮತ್ತೆ ನೀವು ಒಂದು ದಿನವೂ ಹೇಳಲಿಲ್ಲವಾ?"

ಅಕ್ಕ ಎದ್ದು ನಿಂತು, ಮೈಯನ್ನು ಎಡಕ್ಕೂ ಬಲಕ್ಕೂ ಹಾಕಿ ತುಳಿಯುತ್ತಿದ್ದರು. ಏರಿನ ತುದಿಯಲ್ಲಿ ಸೀಟಿಗೆ ಕುಳಿತರು.

"ಹೇಳಿದ್ದರೆ ಇಳಿದುಬಿಡುತ್ತಿದ್ದರು" ಎಂದರು.